ಮೌನಕ್ಕೆ ಅರ್ಲಿ ಬರ್ಡ್ ರಿಯಾಯಿತಿ

ಬೆಂಗಳೂರಿನಲ್ಲಿ ಈಗ ಮೌನಕ್ಕೆ ಭಾರಿ ಡಿಮ್ಯಾಂಡ್. ಎಷ್ಟೆಂದರೆ, ಅದರ ಬಗ್ಗೆ ಮಾತಾಡದವರೇ ಸಿಗುವುದಿಲ್ಲ. ಶುಕ್ರವಾರ ಸಂಜೆ ಆಫೀಸು ಮುಗಿಸಿ ಕನಕಪುರ ರಸ್ತೆಯ ರೆಸಾರ್ಟೊಂದರ ಮೌನ ಶಿಬಿರಕ್ಕೆ ಹೋಗುವುದು. ಭಾನುವಾರ ರಾತ್ರಿಯೊಳಗೆ ‘ನಾನು ಯಾರು’ ಎಂದು ತಿಳಿದುಕೊಳ್ಳುವುದು. ಸೋಮವಾರ ಬೆಳಗ್ಗೆ ಸಿಲ್ಕ್ ಬೋರ್ಡ್ ಜಾಮಿಗೆ ವಾಪಸ್. ಒಂಟಿ ಕೋಣೆಯ ಮೌನಕ್ಕೆ ಒಂದು ರೇಟು, ಇಬ್ಬರು ಹಂಚಿಕೊಳ್ಳುವ ಮೌನಕ್ಕೆ ಸ್ವಲ್ಪ ಕಡಿಮೆ. ಮುಂಚೆಯೇ ಬುಕ್ ಮಾಡಿದರೆ ರಿಯಾಯಿತಿ. ಜಿಎಸ್‌ಟಿ ಬೇರೆ.

ಮೊದಲ ಕಾರ್ಯಕ್ರಮವೇ ಮೌನದ ಮಹತ್ವ ಕುರಿತು ಒಂದೂವರೆ ಗಂಟೆಯ ಭಾಷಣ. ಗುರುಗಳ ಕಾಲರಿಗೆ ಮೈಕು. ಆಮೇಲೆ ಎಲ್ಲರೂ ವೃತ್ತದಲ್ಲಿ ಕೂತು, ಸುಮ್ಮನಿದ್ದಾಗ ಏನನ್ನಿಸಿತು ಎಂದು ಒಬ್ಬೊಬ್ಬರಾಗಿ ಹೇಳಬೇಕು. ಸುಮ್ಮನಿದ್ದದ್ದು ಹತ್ತು ನಿಮಿಷ, ಹೇಳುವುದು ಊಟದ ಗಂಟೆ ಹೊಡೆಯುವವರೆಗೆ. ಫೋನು ಮುಟ್ಟುವಂತಿಲ್ಲ, ಫೋಟೋ ಸಮಯ ಬಿಟ್ಟು. ವಾಟ್ಸಾಪ್ ಗುಂಪಂತೂ ಇದ್ದೇ ಇರುತ್ತದೆ ಅಲ್ವಾ? ಅಲ್ಲಿ ಮೌನಿಗಳ ಗಲಾಟೆ ತಿಂಗಳಾದರೂ ನಿಲ್ಲುವುದಿಲ್ಲ.

ಇಂಥ ಜಾಹೀರಾತುಗಳಲ್ಲಿ ಒಬ್ಬ ಮುದುಕರ ಫೋಟೋ ಜಾಸ್ತಿ ಕಾಣುತ್ತದೆ. ಕೌಪೀನ ಬಿಟ್ಟರೆ ಮೈಮೇಲೆ ಏನೂ ಇಲ್ಲ. ತಮಿಳುನಾಡಿನ ತಿರುವಣ್ಣಾಮಲೈಯ ಸಂತ ರಮಣ ಮಹರ್ಷಿಗಳು. ಪಾಪ, ಅವರ ಖರ್ಚುವೆಚ್ಚ ಒಮ್ಮೆ ನೋಡಿ. 1896ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಮಧುರೈಯ ಮನೆಯ ನೆಲದ ಮೇಲೆ ಹೆಣದ ಹಾಗೆ ಮಲಗಿ, ಸಾಯುವುದು ಯಾರು ಎಂದು ತಮ್ಮನ್ನೇ ಕೇಳಿಕೊಂಡರು. ಕೋರ್ಸ್ ಫೀ ಸೊನ್ನೆ. ಕೆಲವು ವಾರ ಬಿಟ್ಟು ಮನೆಯಿಂದ ಹೊರಟರು. ಅಣ್ಣನ ಕಾಲೇಜು ಫೀಸಿಗೆಂದು ಕೊಟ್ಟಿದ್ದ 5 ರೂಪಾಯಿಯಲ್ಲಿ 3 ರೂಪಾಯಿ ತೆಗೆದುಕೊಂಡು, 2 ರೂಪಾಯಿ ಚೀಟಿಯ ಜೊತೆ ಇಟ್ಟರು. ತನ್ನನ್ನು ಹುಡುಕಲು ದುಡ್ಡು ಖರ್ಚು ಮಾಡಬೇಡಿ ಎಂದು ಆ ಚೀಟಿಯಲ್ಲೇ ಬರೆದಿದ್ದರು. ಸಹಿಯ ಜಾಗದಲ್ಲಿ ಬರೀ ಒಂದು ಗೆರೆ. ತಿರುವಣ್ಣಾಮಲೈ ಮುಟ್ಟಿದ ಮೇಲೆ ಉಳಿದ ಚಿಲ್ಲರೆಯನ್ನೂ ಕೆರೆಗೆ ಎಸೆದರು. ಇಂಥವರನ್ನು ಇಟ್ಟುಕೊಂಡು ಯಾವ ಕಂಪನಿ ಉದ್ಧಾರವಾದೀತು?

ವ್ಯಾಪಾರದ ಪ್ರಯತ್ನ ಆಗಲೂ ನಡೆದಿತ್ತು ಅನ್ನಿ. ಅವರು ತಿರುವಣ್ಣಾಮಲೈ ಬೆಟ್ಟದ ವಿರೂಪಾಕ್ಷ ಗುಹೆಯಲ್ಲಿದ್ದಾಗ, ಗುಹೆಯ ಒಡೆತನದ ಮಠದವರು ನೋಡಲು ಬರುವವರಿಗೆ ಪ್ರವೇಶ ಶುಲ್ಕ ಹಾಕಿದರು. ರಮಣರು ಜಗಳ ಮಾಡಲಿಲ್ಲ, ಪ್ರೆಸ್‌ಮೀಟ್ ಕರೆಯಲಿಲ್ಲ. ಎದ್ದು ಹೊರಗೆ ಬಂದು ಮರದ ಕೆಳಗೆ ಕೂತರು. ಶುಲ್ಕದ ಗಡಿ ಆ ಮರದವರೆಗೂ ಬಂತು. ಅವರು ಬೇರೆ ಗುಹೆಗೆ ಹೋದರು. ಸರಕೇ ಎದ್ದು ಹೋದ ಮೇಲೆ ಅಂಗಡಿಗೆ ಯಾರು ಬರುತ್ತಾರೆ? ಕೊನೆಗೆ ಮಠದವರೇ ಶುಲ್ಕ ಕೈಬಿಟ್ಟು, ವಾಪಸ್ ಬನ್ನಿ ಸ್ವಾಮಿ ಅಂದರು. ನಮ್ಮ ಕಾಲದ ಮೌನ ಕಂಪನಿಗಳು ಈ ಪಾಠ ಚೆನ್ನಾಗಿ ಕಲಿತಿವೆ. ಎದ್ದು ಹೋಗುವಂಥ ಗುರುವನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೇ ಇಲ್ಲ.

1902ರಲ್ಲಿ ಶಿವಪ್ರಕಾಶಂ ಪಿಳ್ಳೈ ಎಂಬುವರು ಗುಹೆಗೆ ಬಂದು ‘ನಾನು ಯಾರು’ ಎಂದು ಕೇಳಿದಾಗ, ಮಾತಾಡದ ರಮಣರು ಉತ್ತರಗಳನ್ನು ಮರಳಿನ ಮೇಲೂ ಸ್ಲೇಟಿನ ಮೇಲೂ ಬರೆದು ತೋರಿಸಿದರು. ನಮ್ಮಲ್ಲಿ ಈ ಪ್ರಶ್ನೆಯನ್ನು ಟೋಲ್ ಗೇಟಿನಲ್ಲಿ ಕೇಳುವ ಪದ್ಧತಿ. ‘ಏಯ್, ನಾನ್ಯಾರು ಗೊತ್ತಾ?’ ಉತ್ತರ ಹೇಳುವ ಜವಾಬ್ದಾರಿ ಟೋಲಿನ ಹುಡುಗನದು.

ಒಂದೇ ಅನುಮಾನ ಉಳಿದಿದೆ. ಮೂರು ದಿನ ಕೂತವರಲ್ಲಿ ಯಾರಿಗಾದರೂ ಅಪ್ಪಿತಪ್ಪಿ ‘ನಾನು’ ಎಂಬುದೇ ಇಲ್ಲ ಎಂದು ನಿಜಕ್ಕೂ ಹೊಳೆದುಬಿಟ್ಟರೆ, ಸರ್ಟಿಫಿಕೇಟ್ ಯಾರ ಹೆಸರಿಗೆ ಕೊಡುತ್ತಾರೆ? ಒಂದು ರೆಸಾರ್ಟಿಗೆ ಫೋನ್ ಮಾಡಿ ಕೇಳಿದೆ. ಆಧಾರ್‌ನಲ್ಲಿ ಇರುವ ಹೆಸರಿಗೇ ಕೊಡುವುದಂತೆ.