ಕ್ಯಾಮೆರಾ ಮೇಲೊಂದು ಟವೆಲ್

ನಮ್ಮ ಹನ್ನೆರಡು ಚಕ್ರದ ಲಾರಿಯೊಂದರ ಕ್ಯಾಬಿನ್ ಕ್ಯಾಮೆರಾದಲ್ಲಿ ಮೂರು ದಿನ ಬರೀ ಹಸಿರು ಬಣ್ಣ ಕಾಣುತ್ತಿತ್ತು. ಕ್ಯಾಮೆರಾ ಕೆಟ್ಟಿದೆ ಅಂದುಕೊಂಡೆ. ಹಾಕಿಕೊಟ್ಟವನಿಗೆ ಫೋನ್ ಮಾಡಿ ಬೈದೂ ಆಯಿತು. ಆಮೇಲೆ ಗೊತ್ತಾಯಿತು, ಅದು ನಮ್ಮ ಡ್ರೈವರ್ ನೇತುಹಾಕಿದ್ದ ಟವೆಲ್.

ದಾವಣಗೆರೆಯಲ್ಲಿ ನಮ್ಮದು ಎಂಟು ಲಾರಿ. ಮೆಕ್ಕೆಜೋಳ, ಸಿಮೆಂಟು, ಈರುಳ್ಳಿ, ಸಿಕ್ಕಿದ ಲೋಡು ಹೊಡೆಯುತ್ತೇವೆ. ಎರಡು ವರ್ಷದ ಹಿಂದೆ ಎಲ್ಲಾ ಗಾಡಿಗೂ ಡ್ಯಾಶ್‌ಕ್ಯಾಮ್, ಅಂದರೆ ಗಾಡಿ ಓಡುವಾಗ ವಿಡಿಯೋ ಹಿಡಿಯುವ ಕ್ಯಾಮೆರಾ, ಹಾಕಿಸಿದೆ. ಟ್ರಾನ್ಸ್‌ಪೋರ್ಟ್ ಗೆಳೆಯರು ಸಿಕ್ಕಾಗಲೆಲ್ಲ ಕೇಳುತ್ತಾರೆ, "ಹಾಕಿಸಬಹುದಾ, ದುಡ್ಡು ದಂಡಾನಾ?" ಅಂತ. ರಸ್ತೆ ನೋಡುವ ಕ್ಯಾಮೆರಾ ಆದರೆ ನಾಳೆಯೇ ಹಾಕಿಸಿ. ಡ್ರೈವರ್ ಮುಖ ನೋಡುವ ಕ್ಯಾಮೆರಾ ಆದರೆ ಮೊದಲು ಇದನ್ನು ಓದಿ.

ಹಿರಿಯೂರು ದಾಟಿ ಶಿರಾ ಕಡೆ ಹೋಗುವಾಗ ಒಂದು ಸಂಜೆ ನಮ್ಮ ಗಾಡಿಗೆ ಬೈಕ್ ಎದುರಾಯಿತು. ಎದುರಾಯಿತು ಅಂದರೆ ನಿಜವಾಗಿಯೂ ಎದುರಿಗೇ. ಹೆದ್ದಾರಿಯಲ್ಲಿ, ಉಲ್ಟಾ ದಿಕ್ಕಿನಿಂದ. ಪೂರ್ತಿ ಲೋಡ್ ಇದ್ದ ಗಾಡಿ ಬ್ರೇಕ್ ಒತ್ತಿದ ಕೂಡಲೇ ನಿಲ್ಲುತ್ತದಾ? ಬಂಪರ್ ತಗುಲಿತು, ಹುಡುಗನ ಕಾಲು ಮುರಿಯಿತು. ಐದು ನಿಮಿಷಕ್ಕೆ ಐವತ್ತು ಜನ. ಯಾರೂ ನೋಡಿಲ್ಲ, ಆದರೆ ಎಲ್ಲರಿಗೂ ಗೊತ್ತು: ದೊಡ್ಡ ಗಾಡಿಯವನದೇ ತಪ್ಪು. ನಮ್ಮ ಡ್ರೈವರ್ ಓಡಲಿಲ್ಲ. 108ಕ್ಕೂ ಪೊಲೀಸರಿಗೂ ಅವನೇ ಫೋನ್ ಮಾಡಿದ. ಕೊರಳಪಟ್ಟಿ ಹಿಡಿದವರಿಗೆ "ಕ್ಯಾಮೆರಾ ಐತಣ್ಣ, ಸ್ಟೇಷನ್‌ನಾಗೆ ನೋಡೋಣ" ಅಂದನಂತೆ. ಸ್ಟೇಷನ್‌ನಲ್ಲಿ ಆ ನಲವತ್ತು ಸೆಕೆಂಡಿನ ವಿಡಿಯೋ ನೋಡಿದ ಮೇಲೆ ಮಾತಿನ ಧಾಟಿಯೇ ಬದಲಾಯಿತು.

2024ರ ಜನವರಿಯಲ್ಲಿ ದೇಶದ ತುಂಬಾ ಲಾರಿ ಡ್ರೈವರ್‌ಗಳು ಮುಷ್ಕರ ಮಾಡಿದ್ದು ನೆನಪಿದೆಯಾ? ಅಪಘಾತ ಮಾಡಿ ಸಾವಿಗೆ ಕಾರಣವಾಗಿ, ಪೊಲೀಸರಿಗೆ ತಿಳಿಸದೆ ಓಡಿದರೆ ಹತ್ತು ವರ್ಷದವರೆಗೆ ಜೈಲು ಅಂತ ಐಪಿಸಿ ಬದಲು ಬಂದ ಹೊಸ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಸೆಕ್ಷನ್ ಹೇಳುತ್ತಿತ್ತು. ಆ ವರ್ಷ ಜುಲೈ 1ಕ್ಕೆ ಸಂಹಿತೆ ಜಾರಿಯಾದಾಗ ಅದೊಂದನ್ನು ತಡೆಹಿಡಿದರು. ಆಗ ನಮ್ಮ ಗಾಡಿ ಶೆಡ್‌ನಲ್ಲೂ ಒಂದೇ ಮಾತು: "ನಿಂತರೆ ಜನ ಹೊಡೀತಾರೆ, ಓಡಿದರೆ ಹತ್ತು ವರ್ಷ." ಕ್ಯಾಮೆರಾದ ಬೆಲೆ ನನಗೆ ಅರ್ಥವಾಗಿದ್ದು ಇಲ್ಲಿ. ಅದು ಅಪಘಾತ ತಡೆಯಲಿಲ್ಲ, ನಿಲ್ಲುವ ಧೈರ್ಯ ಕೊಟ್ಟಿತು.

ಆದರೆ ಹಾಕಿಸಿ ಮರೆತರೆ ಸುಮ್ನೆ ಅಲಂಕಾರ. ನಾನು ಮಾಡಿದ ತಪ್ಪುಗಳನ್ನೇ ಹೇಳುತ್ತೇನೆ. ಮೊದಲು ಕಾರಿಗೆ ಹಾಕುವ ಅಗ್ಗದ್ದನ್ನು ತಂದೆ. ಕಾರಿನದು 12 ವೋಲ್ಟ್, ಲಾರಿಯದು 24. ಎರಡು ಸುಟ್ಟುಹೋದವು. ರಾಯಚೂರು ಕಡೆಯ ಬೇಸಿಗೆಯಲ್ಲಿ ಗ್ಲಾಸಿಗೆ ಅಂಟಿಸಿದ ಇನ್ನೊಂದರ ಬ್ಯಾಟರಿ ಹಪ್ಪಳದ ಹಾಗೆ ಉಬ್ಬಿತ್ತು. ಬ್ಯಾಟರಿ ಬದಲು ಕೆಪಾಸಿಟರ್ (ಸ್ವಲ್ಪ ಹೊತ್ತು ಕರೆಂಟ್ ಹಿಡಿದಿಡುವ ಸಣ್ಣ ಭಾಗ) ಇರುವುದನ್ನೇ ಕೇಳಿ ತಗೊಳ್ಳಿ. ಇನ್ನು ಮೆಮೊರಿ ಕಾರ್ಡ್. ಇದು ತುಂಬಿದ ಮೇಲೆ ಹಳೆಯದನ್ನು ಅಳಿಸಿ ಅದರ ಮೇಲೇ ಬರೆಯುತ್ತದೆ. ಜೋರಾಗಿ ಕುಲುಕಿದರೆ ಆ ತುಣುಕನ್ನು ಅಳಿಸದಂತೆ ಲಾಕ್ ಮಾಡುತ್ತದೆ ನಿಜ. ಆದರೆ ನಮ್ಮ ರಸ್ತೆಯ ಗುಂಡಿಗಳಿಗೂ ಲಾಕ್ ಮಾಡಿ ಮಾಡಿ, ಕಾರ್ಡ್ ಪೂರ್ತಿ ಗುಂಡಿಗಳೇ ತುಂಬಿದ್ದವು! ಏನಾದರೂ ಆದರೆ ಮೊದಲು ಕಾರ್ಡ್ ತೆಗೆದು ಜೇಬಿಗೆ ಹಾಕಿಕೋ ಅಂತ ಈಗ ಎಲ್ಲರಿಗೂ ಹೇಳಿದ್ದೇನೆ.

ಗಡಿಯಾರವನ್ನೂ ನೋಡಿಕೊಳ್ಳಿ. ಒಂದು ಕೇಸಿನಲ್ಲಿ ನಮ್ಮ ವಿಡಿಯೋದ ಮೂಲೆಯಲ್ಲಿ 2019ರ ಜನವರಿ 1 ಅಂತಿತ್ತು. ಆ ಗಾಡಿ ಕೊಂಡಿದ್ದೇ 2021ರಲ್ಲಿ. ವಕೀಲರು ಹಣೆ ಚಚ್ಚಿಕೊಂಡರು. ಕೋರ್ಟಿಗೆ ಕೊಡುವಾಗ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಬೇಕು. ಅದರಲ್ಲಿ ಒಂದು ಭಾಗ ನಮ್ಮದು, ಇನ್ನೊಂದು ಪರಿಣತರದು. ವಾಟ್ಸಾಪ್‌ನಲ್ಲಿ ಹತ್ತು ಕೈ ದಾಟಿದ ವಿಡಿಯೋ ತಗೊಂಡು ಹೋದರೆ ಎದುರು ಪಾರ್ಟಿ ವಕೀಲರಿಗೆ ಹಬ್ಬ.

ವಿಮೆ ಕಡಿಮೆಯಾಗುತ್ತಾ ಅಂತಲೂ ಕೇಳುತ್ತಾರೆ. ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಕಟ್ಟುವ ಥರ್ಡ್ ಪಾರ್ಟಿ ಕಂತನ್ನು ಸರ್ಕಾರವೇ ಗೊತ್ತು ಮಾಡುತ್ತದೆ. 2022ರ ಅಧಿಸೂಚನೆಯಲ್ಲಿ 20ರಿಂದ 40 ಟನ್ ಗಾಡಿಗೆ 43,950 ರೂಪಾಯಿ. ಕ್ಯಾಮೆರಾ ನೋಡಿ ಅದರಲ್ಲಿ ಬಿಡುವಂಥದ್ದು ಏನೂ ಇರಲಿಲ್ಲ.

ಈಗ ಟವೆಲ್ ವಿಷಯಕ್ಕೆ ಬರುತ್ತೇನೆ.

ಹೊರಗಿನ ಕ್ಯಾಮೆರಾದ ಖುಷಿಯಲ್ಲಿ ನಾನು ಒಳಗಿನದನ್ನೂ ಹಾಕಿಸಿಬಿಟ್ಟೆ. ಆಕಳಿಸಿದರೆ, ಕಣ್ಣು ಮುಚ್ಚಿದರೆ, ಫೋನ್ ಹಿಡಿದರೆ ಕ್ಯಾಬಿನ್‌ನಲ್ಲಿ ಬೀಪ್, ನನ್ನ ಮೊಬೈಲ್‌ಗೆ ಸಂದೇಶ. ಗಡ್ಡ ಕೆರೆದುಕೊಂಡರೂ ಫೋನ್ ಹಿಡಿದ ಅಂತ ಬರುತ್ತಿತ್ತು, ಅದಿರಲಿ. ಡ್ರೈವರ್‌ಗಳನ್ನು ಒಂದು ಮಾತೂ ಕೇಳಿರಲಿಲ್ಲ. ನನ್ನ ಗಾಡಿ, ನನ್ನ ದುಡ್ಡು, ಅವರನ್ನೇನು ಕೇಳೋದು ಅನ್ನೋ ಧೋರಣೆ. ಎರಡು ತಿಂಗಳಲ್ಲಿ ಒಬ್ಬ ಕೆಲಸ ಬಿಟ್ಟ. ಇನ್ನೊಬ್ಬರು ಟವೆಲ್ ಹಾಕಿದರು.

ಟವೆಲ್ ಹಾಕಿದವರು ಅಪ್ಪನ ಕಾಲದಿಂದ ಇರುವ ಹಿರಿಯರು. ನಾನು ಚಿಕ್ಕವನಿದ್ದಾಗ ಅವರ ತೊಡೆ ಮೇಲೆ ಕೂತು ಸ್ಟೇರಿಂಗ್ ಹಿಡಿದವನು. ಅವರನ್ನು ಕರೆದು ಕೇಳಿದೆ. ಅವರು ಜಗಳ ಆಡಲಿಲ್ಲ. "ಸಣ್ಣ ಸಾವ್ಕಾರ್ರೇ, ಅದರೊಳಗೇ ನಾನು ಮಲಗ್ತೀನಿ, ಅಂಗಿ ಬದಲಾಯಿಸ್ತೀನಿ, ಮಗಳ ಜೊತೆ ಮಾತಾಡ್ತೀನಿ. ತಿಂಗಳಿಗೆ ಇಪ್ಪತ್ತು ದಿನ ಅದೇ ನನ್ನ ಮನಿ" ಅಂದರು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ. ಅದನ್ನು ಓದಿ ಹೆಮ್ಮೆಪಟ್ಟವನು ನಾನೇ. ಅದು ಲಾರಿ ಕ್ಯಾಬಿನ್‌ಗೂ ಸಂಬಂಧಪಟ್ಟಿದ್ದು ಅಂತ ಹೊಳೆದಿರಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ ಅವರು. ಬೆಳಗಿನ ಜಾವ 3:40ಕ್ಕೆ ಅವರು ಆಕಳಿಸಿದ ವಿಡಿಯೋ ನಾನು ತೋರಿಸಿದ್ದೆ. "ಅವತ್ತು ಲೋಡಿಂಗ್‌ಗೆ ಎಷ್ಟು ಹೊತ್ತು ನಿಲ್ಲಿಸಿದ್ದರು ಅಂತ ನೋಡಿದ್ರಾ? ಆಮೇಲೆ ನೀವು ಮೂರು ಸಲ ಫೋನ್ ಮಾಡಿ 'ಎಲ್ಲಿದ್ದೀರಿ, ಬೆಳಿಗ್ಗೆ ಎಂಟಕ್ಕೆ ಮುಟ್ಟಬೇಕು' ಅಂದ್ರಲ್ಲ, ಅದು ಯಾವ ಕ್ಯಾಮೆರಾದಾಗೆ ಬಂದೈತೆ?"

ನೋಡಿದೆ. ಹದಿನಾಲ್ಕು ಗಂಟೆ. ಬಿಸಿಲಲ್ಲಿ, ಕಾರ್ಖಾನೆ ಗೇಟಿನ ಹೊರಗೆ, ಸರತಿ ಮುಂದೆ ಹೋದಂತೆ ಹತ್ತು ನಿಮಿಷಕ್ಕೊಮ್ಮೆ ಗಾಡಿ ಮುಂದಕ್ಕೆ ತಗೊಳ್ಳುತ್ತಾ. ಅದು ನಿದ್ದೆಯೂ ಅಲ್ಲ, ಕೆಲಸವೂ ಅಲ್ಲ. ಆದ ಮೇಲೆ ರಾತ್ರಿಯಿಡೀ ಪುಣೆ ಕಡೆಗೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಅಂತಿತ್ತು. ನಮ್ಮ ಲೈನಿನಲ್ಲಿ ಅದನ್ನು ಪಾಲಿಸುತ್ತಿದ್ದ ಮಾಲೀಕರು ಎಷ್ಟು ಜನ ಅಂತ ನನ್ನನ್ನು ಕೇಳಬೇಡಿ. ನನ್ನ ಮುಖವೇ ಸಣ್ಣದಾಗುತ್ತದೆ.

ಡ್ರೈವರ್ ತೂಕಡಿಸಿದ್ದಕ್ಕೆ ಸಾಕ್ಷಿ ಇಟ್ಟುಕೊಂಡು, ಅವನನ್ನು ತೂಕಡಿಸುವ ಹಾಗೆ ಮಾಡಿದ್ದಕ್ಕೆ ಸಾಕ್ಷಿ ಇಲ್ಲದಂತೆ ನೋಡಿಕೊಳ್ಳುವುದು ಸುರಕ್ಷತೆ ಅಲ್ಲ. ಅದು ನಾಳೆ ಕೇಸು ಬಂದರೆ ನಾವು ಜಾರಿಕೊಳ್ಳಲು ಮಾಡಿಕೊಂಡ ದಾರಿ. ದೊಡ್ಡ ಫ್ಲೀಟ್‌ನವರು ಡ್ರೈವರ್‌ಗೆ ಅಂಕ ಹಾಕಿ, ಅಂಕ ಕಮ್ಮಿಯಾದರೆ ಭತ್ಯೆ ಕತ್ತರಿಸುತ್ತಾರಂತೆ. ಲೋಡಿಂಗ್ ತಡ ಮಾಡಿದವನಿಗೂ, ಟ್ರಿಪ್ ಒಪ್ಪಿಕೊಂಡ ಮಾಲೀಕನಿಗೂ ಅಂಕ ಹಾಕಲಿ, ಆಗ ಒಪ್ಪುತ್ತೇನೆ.

ಈಗ ನಮ್ಮಲ್ಲಿ ಒಳಗಿನ ಕ್ಯಾಮೆರಾ ಮೂರು ಗಾಡಿಯಲ್ಲಿ ಮಾತ್ರ ಇದೆ, ಅದೂ ಡ್ರೈವರ್‌ಗಳೇ ಇರಲಿ ಅಂದಿದ್ದಕ್ಕೆ. ಬೀಪ್ ಅವರಿಗೆ ಕೇಳಿಸುತ್ತದೆ, ನನಗೆ ಸಂದೇಶ ಬರುವುದಿಲ್ಲ. ಹೊರಗಿನ ವಿಡಿಯೋ ಕೇಳಿದರೆ ಅವರಿಗೂ ಒಂದು ಪ್ರತಿ ಕೊಡುತ್ತೇನೆ, ಕೇಸು ಬೀಳುವುದು ಅವರ ಮೇಲೆ ತಾನೇ? ಲೋಡಿಂಗ್‌ಗೆ ಎಂಟು ಗಂಟೆಗಿಂತ ಜಾಸ್ತಿ ನಿಂತರೆ ಮಲಗಿ ಎದ್ದೇ ಹೊರಡಿ ಅಂತ ಹೇಳಿದ್ದೇನೆ. ಇದರಿಂದ ಎರಡು ಗಿರಾಕಿಗಳು ಕೈಬಿಟ್ಟರು. ಅಪ್ಪ ಇನ್ನೂ ಗೊಣಗುತ್ತಾರೆ.

ಹಿರಿಯರ ಗಾಡಿಯಲ್ಲಿ ಹಸಿರು ಟವೆಲ್ ಈಗಲೂ ಇದೆ, ಆದರೆ ಕಿಟಕಿ ಸರಳಿಗೆ. ಹೋದ ತಿಂಗಳು ಅವರೇ ಒಂದು ಉಪಾಯ ಹೇಳಿದರು. ರಸ್ತೆ ಕಡೆಯ ಕ್ಯಾಮೆರಾದಲ್ಲಿ ಗಾಡಿ ಕಾರ್ಖಾನೆ ಗೇಟಿಗೆ ಬಂದ ಹೊತ್ತು, ಲೋಡಾಗಿ ಹೊರಬಿದ್ದ ಹೊತ್ತು ಎರಡೂ ಇರುತ್ತವಲ್ಲ, ಅದನ್ನೇ ಕಳಿಸಿ ಹಾಲ್ಟಿಂಗ್ ಚಾರ್ಜ್, ಅಂದರೆ ಗಾಡಿ ಕಾಯಿಸಿದ್ದಕ್ಕೆ ದುಡ್ಡು, ಕೇಳೋಣ ಅಂತ. ಕಳಿಸಿದ್ದೇನೆ. ವಿಡಿಯೋ ನೋಡಿದ್ದೇವೆ ಅಂತ ಉತ್ತರ ಬಂದಿದೆ. ದುಡ್ಡು ಬಂದಿಲ್ಲ.