ಮೀಸೆ ಬೋಳಿಸಿಕೊಂಡ ಹಿಟ್ಲರ್

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ನಮ್ಮಲ್ಲಿ ಗಾದೆ. ಜರ್ಮನಿಯಲ್ಲಿ ಇದು ಉಲ್ಟಾ ಆಯಿತು. ಜಟ್ಟಿಯನ್ನು ನಿಂತಲ್ಲೇ ಬಿಟ್ಟು ಮೀಸೆ ಮಾತ್ರ ತೆಗೆದರು.

2017ರ ಅಕ್ಟೋಬರಿನಲ್ಲಿ 'ವುಲ್ಫನ್‌ಸ್ಟೈನ್ 2' ಅನ್ನೋ ವಿಡಿಯೊ ಗೇಮ್ ಬಂತು. ಮಾಡಿದವರು ಸ್ವೀಡನ್ನಿನವರು. ಕಥೆಯಲ್ಲಿ ಎರಡನೇ ಮಹಾಯುದ್ಧವನ್ನು ನಾಜಿಗಳೇ ಗೆದ್ದಿದ್ದಾರೆ. 1961ರಲ್ಲಿ ಅಮೆರಿಕವೂ ಅವರ ಕೈಯಲ್ಲಿದೆ. ಕಂಡ ಕಂಡ ನಾಜಿಗೆ ಗುಂಡು ಹೊಡೆಯುವುದು, ಆಗದಿದ್ದರೆ ಕೊಡಲಿಯಲ್ಲಿ ಕಡಿಯುವುದು ನಿಮ್ಮ ಕೆಲಸ. ನಡುವೆ ಮುದಿ ಹಿಟ್ಲರನೂ ಬರುತ್ತಾನೆ. ಶುಕ್ರ ಗ್ರಹದಲ್ಲಿ ಕೂತು ಸಿನಿಮಾಗೆ ನಟರನ್ನು ಆರಿಸುತ್ತಿರುತ್ತಾನೆ. ತಮಾಷೆ ಅಲ್ಲ, ನಿಜವಾಗಿಯೂ ಹಾಗೇ ಇದೆ.

ಇದನ್ನು ಜರ್ಮನಿಯಲ್ಲಿ ಮಾರುವುದು ಹೇಗೆ? ಅಲ್ಲಿನ ದಂಡಸಂಹಿತೆಯ 86ಎ ಕಲಮಿನ ಪ್ರಕಾರ ನಾಜಿ ಚಿಹ್ನೆಗಳನ್ನು ತೋರಿಸುವ ಹಾಗಿಲ್ಲ. ತಮ್ಮ ಹಿರಿಯರು ಮಾಡಿದ್ದು ಗೊತ್ತಿರುವವರು ಬರೆದಿಟ್ಟ ಕಾನೂನು ಅದು. ಅದನ್ನು ನೋಡಿ ನಾನು ನಗುವುದಿಲ್ಲ. ಕಲೆ, ಪಾಠ, ಸಂಶೋಧನೆಗೆ ವಿನಾಯಿತಿಯೂ ಇದೆ. ಹಾಗಾಗಿ ಸಿನಿಮಾದಲ್ಲಿ ಹಿಟ್ಲರ್ ಮೀಸೆ ಕುಣಿಸುತ್ತಾ ಎಷ್ಟು ಬೇಕಾದರೂ ಕಿರುಚಬಹುದು. ಗೇಮ್ ಮಾತ್ರ ಕಲೆಯ ಪಂಕ್ತಿಯಲ್ಲಿ ಕೂರುವ ಹಾಗಿರಲಿಲ್ಲ. ಇದೇ ಸರಣಿಯ ಹಳೆಯ ಆಟವೊಂದರ ಕೇಸಿನಲ್ಲಿ ಫ್ರಾಂಕ್‌ಫರ್ಟಿನ ಹೈಕೋರ್ಟು 1998ರಲ್ಲೇ ಹೇಳಿತ್ತು: ಮಕ್ಕಳು ಈ ಚಿಹ್ನೆಗಳನ್ನು ನೋಡಿ ನೋಡಿ ಅವಕ್ಕೆ ಒಗ್ಗಿಹೋಗಬಹುದು. ಅಂದಿನಿಂದ 20 ವರ್ಷ ಗೇಮಿನವರು ಅದನ್ನೇ ವೇದವಾಕ್ಯ ಅಂತ ಪಾಲಿಸಿದರು.

ಮಕ್ಕಳು ಆಡುವ ಆಟಗಳಲ್ಲಿ ಚರಿತ್ರೆಯ ಘೋರಗಳನ್ನು ತೋರಿಸಬಹುದಾ ಅಂತ ಲೋಕವೆಲ್ಲ ತಲೆ ಕೆರೆದುಕೊಳ್ಳುತ್ತಿದೆ. ಇಲ್ಲಿ ಸಿಕ್ಕ ಉತ್ತರ ಬಹಳ ಸಲೀಸು. ಘೋರ ಇರಲಿ, ಚರಿತ್ರೆ ತೆಗೆಯಿರಿ.

ಕತ್ತಿ ಮೊದಲು ಬಿದ್ದದ್ದು ಮೀಸೆಯ ಮೇಲೆ. ಹಿಟ್ಲರ್ ನುಣ್ಣಗೆ ಬೋಳಿಸಿಕೊಂಡು ಬಂದ. ಹೆಸರು 'ಹೈಲರ್' ಆಯಿತು. ಜರ್ಮನ್ ಭಾಷೆಯಲ್ಲಿ ಹೈಲರ್ ಅಂದರೆ ಕಾಯಿಲೆ ವಾಸಿ ಮಾಡುವವನು. ನೋಡಿ, ಎಂಥ ಕೈಗುಣ! ಹಿಟ್ಲರನ ಬಿರುದು 'ಫ್ಯೂರರ್' (ನಾಯಕ) ಹೋಗಿ 'ಚಾನ್ಸಲರ್', ಅಂದರೆ ಅಲ್ಲಿನ ಪ್ರಧಾನಿ, ಬಂತು. ಆಗ ಆ ಕುರ್ಚಿಯಲ್ಲಿ ಏಂಜೆಲಾ ಮರ್ಕೆಲ್ ಕೂತಿದ್ದರು. ಅವರಿಗೆ ಏನನ್ನಿಸಿತೋ. ಬಾವುಟಗಳ ಮೇಲಿನ ಸ್ವಸ್ತಿಕ (ನಮ್ಮ ಹೊಸ್ತಿಲ ರಂಗೋಲಿಯದ್ದಲ್ಲ, ಅವರದು) ಹೋಗಿ ಬೇರೇನೋ ಗುರುತು ಬಂತು. ನಾಜಿಗಳು ಬರೀ 'ಆಡಳಿತ' ಆದರು.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಕತ್ತಿ ಇನ್ನೂ ಕೆಳಗೆ ಇಳಿಯಿತು. ಈ ಆಟದ ನಾಯಕನ ತಾಯಿ ಯಹೂದಿ. ಜರ್ಮನ್ ಆವೃತ್ತಿಯಲ್ಲಿ ಆ ಮಾತೇ ಇಲ್ಲ. ಯಹೂದಿಗಳು ಅನ್ನುವ ಹೆಸರೇ ಕಾಣೆ. 60 ಲಕ್ಷ ಯಹೂದಿಗಳನ್ನು ಕೊಂದವರ ಕಥೆಯಲ್ಲಿ ಕೊಂದವರಿಗೂ ಹೆಸರಿಲ್ಲ, ಸತ್ತವರಿಗೂ ಹೆಸರಿಲ್ಲ. ರಕ್ತ? ಅದರಲ್ಲಿ ಒಂದು ಹನಿಯೂ ಕಮ್ಮಿಯಿಲ್ಲ. ಕಡಿದ ಕೈ ಕಾಲು ಕಡಿದಲ್ಲೇ ಬಿದ್ದಿವೆ.

ಇನ್ನೊಂದು ವಿಷಯ. ಈ ಗೇಮು 18 ದಾಟಿದವರಿಗೆ ಮಾತ್ರ. ಆ ದೇಶದಲ್ಲಿ 15ರ ಹುಡುಗರನ್ನು ಮೇಷ್ಟ್ರೇ ನಾಜಿಗಳ ಡಾಖಾವ್ ಸೆರೆ ಶಿಬಿರಕ್ಕೆ ಕರೆದುಕೊಂಡು ಹೋಗಿ ದಹನದ ಒಲೆಗಳನ್ನು ತೋರಿಸುತ್ತಾರೆ. 16ಕ್ಕೆ ಬಿಯರ್ ಕುಡಿಯಬಹುದು. 18ಕ್ಕೆ ಓಟು ಹಾಕಿ ಚಾನ್ಸಲರನ್ನೇ ಇಳಿಸಬಹುದು. ಮೀಸೆ ನೋಡುವುದಕ್ಕೆ ಮಾತ್ರ ಆಗ ವಯಸ್ಸು ಸಾಲುತ್ತಿರಲಿಲ್ಲ.

ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷದವರು ಗಂಟೆಗಟ್ಟಲೆ ಕೂತು ಮುಖಕ್ಕೆ ಚುಟ್ಟಿ ಇಡುತ್ತಾರೆ. ನಿದ್ದೆಗಣ್ಣಲ್ಲಿ ಎದ್ದ ಮಗುವಿಗೂ ರಾಕ್ಷಸ ಯಾರು ಅಂತ ಒಂದೇ ಏಟಿಗೆ ಗೊತ್ತಾಗಬೇಕಲ್ವಾ? ಮಗು ಹೆದರುತ್ತೆ ಅಂತ ಬಣ್ಣ ಒರೆಸಿ ಕಳಿಸಿದರೆ ರಂಗಕ್ಕೆ ಬರುವವನು ಪಕ್ಕದ ಮನೆಯ ಮಾವ. ಅವನು ಯಾಕೆ ಎಲ್ಲರನ್ನೂ ಕೊಲ್ಲುತ್ತಿದ್ದಾನೆ ಅಂತ ಮಗುವಿಗೆ ಯಾರು ಹೇಳಬೇಕು?

ಅದೇ 2017ರಲ್ಲಿ ಪ್ರಾಗಿನ ಚಾರ್ಲ್ಸ್ ವಿಶ್ವವಿದ್ಯಾಲಯದವರು ಇತಿಹಾಸಕಾರರ ಜೊತೆ ಸೇರಿ 'ಅಟೆಂಟಾಟ್ 1942' ಅನ್ನೋ ಆಟ ಮಾಡಿದರು. ಅದರಲ್ಲಿ ಬಂದೂಕಿಲ್ಲ. ಪ್ರಾಗನ್ನು ಆಳುತ್ತಿದ್ದ ನಾಜಿ ಅಧಿಕಾರಿ ಹೈಡ್ರಿಕ್‌ನ ಹತ್ಯೆಯ ನಂತರ ನಾಜಿ ಪೊಲೀಸರು ಅಜ್ಜನನ್ನು ಯಾಕೆ ಎಳೆದುಕೊಂಡು ಹೋದರು ಅಂತ ನೀವು ಅಜ್ಜಿಯನ್ನು, ಅಕ್ಕಪಕ್ಕದವರನ್ನು ಕೇಳುತ್ತಾ ಹೋಗಬೇಕು. ಸಂಯಮದ, ದುಃಖದ ಆಟ. ಅದರಲ್ಲಿ ನಾಜಿ ಚಿಹ್ನೆ ಇದ್ದಿದ್ದರಿಂದ ಜರ್ಮನಿಯಲ್ಲಿ ಅದು ಮೊದಲು ಮಾರಾಟಕ್ಕೇ ಬರಲಿಲ್ಲ. ಅಜ್ಜಿಯ ಮಾತು ಅಪಾಯ, ಬೋಳು ಹೈಲರ್ ಪರವಾಗಿಲ್ಲ.

2018ರ ಆಗಸ್ಟಿನಲ್ಲಿ ಗೇಮುಗಳಿಗೆ ವಯಸ್ಸಿನ ಮಿತಿ ಹಾಕುವ ಬರ್ಲಿನ್ನಿನ ಮಂಡಳಿಗೆ ಜ್ಞಾನೋದಯ ಆಯಿತು. ಇನ್ನು ಮುಂದೆ ಗೇಮನ್ನೂ ಸಿನಿಮಾದ ಹಾಗೆ ಒಂದೊಂದಾಗಿ ನೋಡಿ ತೀರ್ಮಾನ ಮಾಡ್ತೀವಿ ಅಂದರು. ಪ್ರಾಗಿನ ಅಜ್ಜಿಗೂ ಆಮೇಲೆ ಬಾಗಿಲು ತೆರೆಯಿತು.

2019ರಲ್ಲಿ ವುಲ್ಫನ್‌ಸ್ಟೈನ್ ಸರಣಿಯ ಮುಂದಿನ ಆಟ ಬಂದಾಗ ಜರ್ಮನಿಯಲ್ಲಿ ಎರಡು ಆವೃತ್ತಿ ಮಾರಾಟಕ್ಕಿಟ್ಟರು. ಒಂದರಲ್ಲಿ ಸ್ವಸ್ತಿಕ ಇದೆ, ಇನ್ನೊಂದರಲ್ಲಿ ಇಲ್ಲ. ನಮ್ಮ ದರ್ಶಿನಿ ಹೋಟೆಲಿನಲ್ಲಿ ಹೇಳ್ತೀವಲ್ಲ, ಹಾಗೆ: ಎರಡು ಕಾಫಿ, ಅದರಲ್ಲಿ ಒಂದು ವಿತೌಟ್.