ಮಣ್ಣೇ ಬರೆಸುತ್ತದಂತೆ

ಭಾನುವಾರ ಶಿವಮೊಗ್ಗದಲ್ಲಿ ನಡೆದ ಕಥಾ ಕಮ್ಮಟದ ಸುದ್ದಿ ನೀವೂ ನೋಡಿರುತ್ತೀರಿ. ಅದೇ, ಶಾಲು ಹೊದ್ದ ಹನ್ನೊಂದು ಜನ ಒಂದೇ ದೀಪಕ್ಕೆ ಕೈ ಹಾಕಿದ ಫೋಟೋ. ನಾನೂ ಅಲ್ಲಿದ್ದೆ. ಫೋಟೋದಲ್ಲಲ್ಲ, ಫೀಸು ಕಟ್ಟಿದವರ ಸಾಲಿನಲ್ಲಿ.

ಹತ್ತಕ್ಕೆ ಶುರು ಅಂದಿದ್ದರು. ಉದ್ಘಾಟಕರು ಬಂದಾಗ ಹನ್ನೊಂದೂವರೆ. ಸ್ವಾಗತ, ಪ್ರಾಸ್ತಾವಿಕ ನುಡಿ, ಎಲ್ಲರ ತಲೆಗೂ ಅಡಿಕೆ ಹಾಳೆ ಟೋಪಿ. ನಮಗೆ ಬರೆಯಲು ಇಟ್ಟಿದ್ದು ನಲವತ್ತು ನಿಮಿಷ. ಊಟ ತಣ್ಣಗಾಗುತ್ತದೆ ಎಂದು ಅದನ್ನೇ ರದ್ದು ಮಾಡಿದರು. ಸುಳ್ಳು ಯಾಕೆ ಹೇಳಲಿ, ಅಪ್ಪೆಹುಳಿ ಮಾತ್ರ ಅದ್ಭುತ. ಒಗ್ಗರಣೆಯ ಇಂಗು ಮೂಗಿಗೆ ಹತ್ತುತ್ತಿತ್ತು. ಮೂರು ಲೋಟ ಕುಡಿದೆ.

ಊಟದ ನಂತರ ಹೊಸನಗರದ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನನ್ನ ಕತೆ ಎರಡನೇ ಪುಟಕ್ಕೇ ನಿಂತು ಹೋಗುತ್ತೆ. ಏನು ಮಾಡ್ಲಿ?"

ಸಾಹಿತಿಗಳು ಕಣ್ಣು ಮುಚ್ಚಿದರು. "ನೀನು ಮಲೆನಾಡಿನವಳಮ್ಮಾ. ಈ ಮಣ್ಣೇ ಬರೆಸುತ್ತದೆ." ಚಪ್ಪಾಳೆ.

ಆಹಾ, ಎಂಥ ಮಣ್ಣು! ನಮ್ಮ ತೋಟದಲ್ಲೂ ಅದೇ ಮಣ್ಣಿದೆ. ಎಲೆಚುಕ್ಕಿ ರೋಗ ಬಂತು, ಕಾದಂಬರಿ ಬರಲಿಲ್ಲ. ಮಳೆಯೂ ಬರೆಸುತ್ತದಂತೆ. ಹಾಗಿದ್ದರೆ ಆಗುಂಬೆ ಬಸ್ ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ನಿಂತವರಿಗೆಲ್ಲ ಜ್ಞಾನಪೀಠ ಬರಬೇಕಿತ್ತು. ತೀರ್ಥಹಳ್ಳಿ ತಾಲೂಕಿನ ಇಬ್ಬರಿಗೆ ಬಂದಿದ್ದು ನಿಜ, 1967ರಲ್ಲಿ ಕುವೆಂಪು, 1994ರಲ್ಲಿ ಅನಂತಮೂರ್ತಿ. ಆದರೆ ಅನಂತಮೂರ್ತಿ 'ಸಂಸ್ಕಾರ' ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕೂತು. ಅಲ್ಲಿನ ಮಣ್ಣಿಗೂ ಒಂದು ಶಾಲು ಹೊದಿಸಬೇಕಲ್ವಾ? ಕುವೆಂಪು ಹುಡುಗರಾಗಿದ್ದಾಗ ಮೈಸೂರಿನಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ತಮ್ಮ ಇಂಗ್ಲಿಷ್ ಕವನ ತೋರಿಸಿದರು. ಆತ ಮಣ್ಣಿನ ಸುದ್ದಿಗೇ ಹೋಗಲಿಲ್ಲ. ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದರು. ದೀಪ ಇಲ್ಲ, ಹಾಳೆ ಟೋಪಿ ಇಲ್ಲ. ಸುಮ್ನೆ ಒಂದು ಮಾತು, ಕೆಲಸಕ್ಕೆ ಬರುವ ಮಾತು.

ಈ ಹುಡುಗಿಗೂ ಯಾರಾದರೂ ಹೇಳಬಹುದಿತ್ತು. ನನ್ನದೂ ನಿಲ್ಲುತ್ತಮ್ಮಾ, ಮೊದಲ ಪುಟ ಹರಿದು ಹಾಕಿ ಎರಡರಿಂದ ಶುರು ಮಾಡಿ ನೋಡು, ಅಂತ. ಹೇಳಿದರೆ ತಾವೂ ತಡವರಿಸುತ್ತೇವೆ ಎಂದು ಗೊತ್ತಾಗಿಬಿಡುತ್ತಲ್ಲ! ಎರಡು ಬಸ್ ಬದಲಿಸಿ ಬಂದವಳು. ಅವಳ ಆ ಎರಡು ಪುಟವನ್ನು ವೇದಿಕೆ ಮೇಲಿದ್ದ ಒಬ್ಬರೂ ಕೇಳಿ ಓದಲಿಲ್ಲ. ಸಾಕಾಗಿದೆ ರೀ.

ಐದೂವರೆಗೆ ಪ್ರಮಾಣಪತ್ರ ಹಂಚಿದರು. 'ಶೃಜನಶೀಲ ಬರಹಗಾರರು' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಹುಡುಗಿ ಪೆನ್ನು ತೆಗೆದು ನಿಂತಲ್ಲೇ 'ಶೃ'ವನ್ನು 'ಸೃ' ಮಾಡಿದಳು. ಆಮೇಲೆ ಬಸ್ಸಿಗೆ ಓಡಿದಳು.